ಮಂದ್ರದವನ ಸಂಸಾರ

ಹಾಡಿನ ತಳದ ಮಂದ್ರ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಕಲಿಯಲು ಶುರು ಮಾಡಿದ ಮೇಲೆ ನನಗಾದ ಮೊದಲ ನಷ್ಟ ಹಾಡಿನ ಸಾಹಿತ್ಯ. ಯಾವ ಹಾಡು ಹಾಕಿದರೂ ಕಿವಿ ಸೀದಾ ತಳಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಮೇಲೆ ಹೀರೋ ಅಳುತ್ತಿದ್ದಾನೋ ಹೀರೋಯಿನ್ ಕುಣಿಯುತ್ತಿದ್ದಾಳೋ ಗೊತ್ತೇ ಆಗುವುದಿಲ್ಲ. ಮೊನ್ನೆ ಥಿಯೇಟರಿನಲ್ಲಿ ಒಂದು ಸಾವಿನ ಮನೆಯ ಹಾಡು. ಸುತ್ತ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದಾರೆ, ನಾನು ತೊಡೆ ತಟ್ಟಿಕೊಂಡು ‘ಆಹಾ’ ಅನ್ನುತ್ತಿದ್ದೇನೆ. ಹೆಂಡತಿ ಮೊಣಕೈಯಲ್ಲಿ ತಿವಿದು, “ರೀ, ಅವನ ಅಮ್ಮ ಸತ್ತಿದ್ದಾಳೆ” ಅಂದಳು. ಸತ್ತಿರಬಹುದು. ಆದರೆ ಚರಣಕ್ಕೆ ಹೋಗುವ ಮುಂಚೆ ಆ ಬೇಸಿನವನು ಮೇಲಿಂದ ಕೆಳಕ್ಕೆ ಇಳಿದು ಬಂದನಲ್ಲ, ಅದಕ್ಕೆ ಯಾರಾದರೊಬ್ಬರು ಆಹಾ ಅನ್ನಬೇಡವೇ?

ನಾನಾಗಿ ಹುಡುಕಿಕೊಂಡು ಹೋದ ವಾದ್ಯವಲ್ಲ ಇದು. ಆಫೀಸಿನವರೆಲ್ಲ ಸೇರಿ ಬ್ಯಾಂಡ್ ಮಾಡೋಣ ಅಂತ ಹೊರಟಾಗ ನೋಡಿದರೆ ಮೂವರು ಗಿಟಾರಿನವರೇ. ಮೂವರಲ್ಲಿ ಅತಿ ಕಡಿಮೆ ಬರುತ್ತಿದ್ದವನು ನಾನು, ಹಾಗಾಗಿ ಬೇಸ್ ನನ್ನ ಪಾಲಿಗೆ ಬಂತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅನ್ನಲು ಚರಿತ್ರೆಯಲ್ಲಿ ಆಧಾರವಿದೆ. 1961ರಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬ್ಯಾಂಡ್ ಬಿಟ್ಟಾಗ ಬೇಸ್ ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ, ಕೊನೆಗೆ ಅದು ಪಾಲ್ ಮೆಕಾರ್ಟ್ನಿಯ ಕೊರಳಿಗೆ ಬಿತ್ತು. ಆಮೇಲೆ ಅವರು ಏನಾದರು, ನಾನು ಏನಾದೆ ಅನ್ನುವ ವಿವರ ಇಲ್ಲಿ ಬೇಡ.

ಕೆನಡಾಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬನ ಹತ್ತಿರ ಸೆಕೆಂಡ್ ಹ್ಯಾಂಡ್ ಬೇಸನ್ನೂ ಹನ್ನೆರಡು ಇಂಚಿನ ಸ್ಪೀಕರ್ ಇರುವ ಆಂಪ್ಲಿಫೈಯರನ್ನೂ ಕೊಂಡೆ. ತಂತಿ ಕೂರುವ ಸೇತುವೆಯಿಂದ (ಬ್ರಿಜ್) ಕುತ್ತಿಗೆಯ ತುದಿಯವರೆಗೆ ತಂತಿಯ ಉದ್ದ 34 ಇಂಚು. 1951ರಲ್ಲಿ ಲಿಯೋ ಫೆಂಡರ್ ತಮ್ಮ ಪ್ರಿಸಿಷನ್ ಬೇಸಿಗೆ ಇಟ್ಟ ಅಳತೆ ಅದು, ಇವತ್ತಿಗೂ ಹೆಚ್ಚಿನ ಬೇಸ್‌ಗಳು ಅದನ್ನೇ ಹಿಡಿದುಕೊಂಡು ಬಂದಿವೆ. ಅವರು ಯಾರ ಕೈ ನೋಡಿ ಅಳತೆ ಇಟ್ಟರೋ, ನನ್ನದಂತೂ ಅಲ್ಲ. ತೋರುಬೆರಳು ಮೊದಲನೇ ಫ್ರೆಟ್ಟಿನಲ್ಲಿದ್ದಾಗ (ಫ್ರೆಟ್ ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಕಿರುಬೆರಳು ನಾಲ್ಕನೆಯದಕ್ಕೆ ಹೋಗಬೇಕು ಅಂತ ಪಾಠ. ನನ್ನ ಕಿರುಬೆರಳು ಮೂರರ ಹತ್ತಿರವೇ ಸುಸ್ತಾಗಿ ಮಡಚಿಕೊಳ್ಳುತ್ತದೆ.

ಎಡಗೈ ಕಥೆ ಹಾಗಾದರೆ ಬಲಗೈಯದು ಇನ್ನೂ ಸಂಕಟ. ಬೇಸಿನ ತಂತಿ ದಪ್ಪ, ಮೀಟುವುದು ತೋರುಬೆರಳು ಮತ್ತು ಮಧ್ಯದ ಬೆರಳಿನ ತುದಿಯಿಂದ. ಮೊದಲ ವಾರವೇ ಎರಡರಲ್ಲೂ ಬೊಬ್ಬೆ. ಊಟ ಮಾಡುವುದೂ ಅದೇ ಬೆರಳುಗಳಿಂದ ಅನ್ನುವುದು ಬಿಸಿ ಸಾರನ್ನ ಕಲಸಲು ಹೋದಾಗ ನೆನಪಾಯಿತು. ಅವತ್ತಿನಿಂದ ಚಮಚ. ನಮ್ಮತ್ತೆ ಎರಡು ದಿನ ನೋಡಿದರು, ಮೂರನೇ ದಿನ ಮಗಳನ್ನು ಅಡುಗೆಮನೆಗೆ ಕರೆದು, “ಅವರಿಗೆ ನನ್ನ ಸಾರು ಸೇರ್ತಿಲ್ವಾ?” ಅಂತ ಕೇಳಿದರು.

ನಾವಿರುವುದು ಮಲ್ಲೇಶ್ವರದ ಒಂದು ಹಳೇ ಮನೆಯ ಮಹಡಿಯಲ್ಲಿ. ಕೆಳಗೆ ಓನರ್ ಅಂಕಲ್, ಆಂಟಿ. ನಾನು ಅಭ್ಯಾಸ ಮಾಡುವ ಕೋಣೆ ಹತ್ತಡಿ ಹನ್ನೆರಡಡಿ. ಬೇಸಿನ ಅತಿ ಕೆಳಗಿನ ಬಿಡಿ ತಂತಿ, ಅಂದರೆ ಪಾಶ್ಚಾತ್ಯರು ಇ ಅನ್ನುವ ಸ್ವರ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಧ್ವನಿಯ ಒಂದು ಅಲೆಯೇ ಎಂಟು ಮೀಟರಿಗಿಂತ ಉದ್ದ. ಎಂಟು ಮೀಟರಿನ ಅಲೆಗೆ ಹನ್ನೆರಡಡಿ ಕೋಣೆ ಯಾವ ಮೂಲೆಗೆ? ಅದು ಗೋಡೆಗೆ ಹೊಡೆದು ವಾಪಸು ಬಂದು ತನ್ನ ಮೇಲೆ ತಾನೇ ಬಿದ್ದು, ಕೋಣೆಯ ನಡುವೆ ಕುರ್ಚಿ ಹಾಕಿಕೊಂಡ ನನಗೆ ಕೆಲವು ಸ್ವರ ಕೇಳಿಸುವುದೇ ಇಲ್ಲ. ಕೇಳಲಿಲ್ಲವಲ್ಲ ಅಂತ ವಾಲ್ಯೂಮ್ ಏರಿಸುತ್ತೇನೆ. ಅದೇ ಸ್ವರ ಮೂಲೆಯಲ್ಲಿ ದುಪ್ಪಟ್ಟಾಗಿ, ನೆಲ ತೂರಿಕೊಂಡು ಕೆಳಗಿನ ಮನೆಗೆ ಚೆನ್ನಾಗಿಯೇ ತಲುಪುತ್ತದೆ. ಹೀಗೆ ನನ್ನ ಸಂಗೀತವನ್ನು ನನಗಿಂತ ಪೂರ್ತಿಯಾಗಿ ಕೇಳಿದವರು ಓನರ್ ಅಂಕಲ್.

ಹೆಡ್‌ಫೋನ್ ಹಾಕಿಕೊಂಡರೆ ಆಯ್ತಪ್ಪಾ ಅಂತೀರಿ. ಹಾಕಿಕೊಂಡೆ. “ಹಾಲಿಟ್ಟಿದೀನಿ, ಸ್ವಲ್ಪ ನೋಡ್ಕೊಳಿ” ಅಂತ ಹೆಂಡತಿ ಹೇಳಿ ಅಂಗಡಿಗೆ ಹೋಗಿದ್ದಳಂತೆ. ನಾನು ಆ ಹೊತ್ತಿಗೆ ತಾಳಕ್ಕೆ ತಲೆ ಹಾಕುತ್ತಿದ್ದೆ, ಅವಳು ಅದನ್ನು ಒಪ್ಪಿಗೆ ಅಂತ ತಿಳಿದಳು. ಸ್ಟೌ ಉಜ್ಜಿದ್ದು ಯಾರು ಅಂತ ಹೇಳಬೇಕಾಗಿಲ್ಲ. ಹೆಡ್‌ಫೋನು ಮನೆಯಲ್ಲಿ ಅಲ್ಲಿಗೆ ನಿಷೇಧವಾಯಿತು.

ಒಂದು ಸಂಜೆ ಅಂಕಲ್ ಮೆಟ್ಟಿಲು ಹತ್ತಿ ಬಂದರು. ಬಾಡಿಗೆ ಏರಿಸಲು ಬಂದರೇನೋ ಅಂತ ಎದೆ ಧಸಕ್ಕೆಂದಿತು. ಅವರು ಬಂದವರೇ, “ನೀವು ಶ್ರುತಿಪೆಟ್ಟಿಗೆ ಆಫ್ ಮಾಡೋದೇ ಇಲ್ವಲ್ಲ ಯಾಕೆ?” ಅಂದರು. ನನ್ನ ಹತ್ತಿರ ಶ್ರುತಿಪೆಟ್ಟಿಗೆ ಎಲ್ಲಿಂದ ಬರಬೇಕು! ಪ್ಲಗ್ಗಿಗೆ ಅರ್ತಿಂಗ್ ಸರಿಯಿಲ್ಲದೆ ಆಂಪ್ಲಿಫೈಯರು ಗುಂಯ್ ಅನ್ನುತ್ತಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ, ಬೇಸಿನ ಕೆಳಗಿನ ಜಿ ಸ್ವರ 49. ಹೇಳಿದೆ. ಅಂಕಲ್ ಕಣ್ಣುಮುಚ್ಚಿ ಕೇಳಿ, “ಅದಕ್ಕೇ ಒಂಚೂರು ಏರಿದೆ ಅನ್ನಿಸ್ತಿತ್ತು” ಅಂದರು. ಅವರು ಬ್ಯಾಂಕಿನಲ್ಲಿದ್ದಾಗಲೂ ಸಂಜೆ ಭಜನಾ ಮಂಡಳಿಗೆ ಮೃದಂಗ ನುಡಿಸುತ್ತಿದ್ದವರು ಅಂತ ನನಗೆ ಗೊತ್ತಾದದ್ದೇ ಆಗ.

ನಿಜವಾದ ದೂರು ಬೇರೆಯೇ ಇತ್ತು. “ನೀವು ನುಡಿಸಿ, ಬೇಡ ಅನ್ನಲ್ಲ. ಆದ್ರೆ ಒಂದು ಸ್ವರಕ್ಕೆ ಮಾತ್ರ ನಮ್ಮನೆ ತಟ್ಟೆ ಸ್ಟ್ಯಾಂಡು ಗಲಗಲ ಅಂತ ಶುರು ಮಾಡುತ್ತೆ. ಇವಳು ಕಳ್ಳ ಬಂದ ಅಂತಾಳೆ.” ಯಾವ ಸ್ವರ ಅಂತ ಹುಡುಕಲು ಅಂಕಲ್ ನನ್ನ ಪಕ್ಕ ನಿಂತರು, ಆಂಟಿ ಕೆಳಗೆ ಅಡುಗೆಮನೆಯಲ್ಲಿ. ನಾನು ಇ ತಂತಿಯಲ್ಲಿ ಒಂದೊಂದೇ ಫ್ರೆಟ್ ಮೀಟುವುದು, ಕೆಳಗಿಂದ “ಇಲ್ಲಾ”, “ಇಲ್ಲಾ”, “ಸ್ವಲ್ಪ”. ಐದನೇ ಫ್ರೆಟ್ಟಿಗೆ “ಹಾಂ, ಇದೇ! ಇದೇ!” ಅಂತ ಕೂಗು. ಅದು ಎ, ಸೆಕೆಂಡಿಗೆ 55 ಕಂಪನ. ಗ್ರಹಚಾರಕ್ಕೆ ಅದು ಇ ಪಕ್ಕದ ತಂತಿಯ ಬಿಡಿ ಸ್ವರವೂ ಹೌದು. ಇದ್ದದ್ದು ನಾಲ್ಕು ತಂತಿ, ಅದರಲ್ಲೊಂದನ್ನು ಬಿಡಿಯಾಗಿ ಮುಟ್ಟುವಂತಿಲ್ಲ.

ಮೋಹನ ರಾಗದಲ್ಲಿ ಮಧ್ಯಮ, ನಿಷಾದ ವರ್ಜ್ಯ, ಅಂದರೆ ಮುಟ್ಟುವಂತಿಲ್ಲ. ಹಿಂದೋಳದಲ್ಲಿ ರಿಷಭ, ಪಂಚಮ ವರ್ಜ್ಯ. ನಮ್ಮ ಮನೆಯಲ್ಲಿ ಸಂಜೆ ಏಳರ ಮೇಲೆ ಎ ವರ್ಜ್ಯ. ಎ ಬಂದಲ್ಲೆಲ್ಲ ಒಂದು ಸ್ಥಾಯಿ ಮೇಲಕ್ಕೆ ಹಾರಿ, ಕೆಲಸ ಮುಗಿಸಿ, ಮತ್ತೆ ಕೆಳಗಿಳಿದು ಬರುವ ಅಭ್ಯಾಸವಾಯಿತು. ಬ್ಯಾಂಡಿನ ಡ್ರಮ್ಮರ್ ಇದನ್ನು ಕೇಳಿ, “ಗುರುವೇ, ಇದೇನು ಹೊಸ ಸ್ಟೈಲು, ಸಕತ್ತಾಗಿದೆ” ಅಂದ. ನಾನೂ ಹೌದು ಅಂದೆ. ಆಂಟಿಯ ತಟ್ಟೆ ಸ್ಟ್ಯಾಂಡಿನ ಹೆಸರು ಹೇಳಲಿಲ್ಲ.

ಈ ಒಪ್ಪಂದದಿಂದ ನನಗೊಬ್ಬ ಗುರು ಸಿಕ್ಕಂತಾಯಿತು. ಒಂದು ಭಾನುವಾರ ಅಂಕಲ್ ಕೆಳಗೆ ಕರೆದು ಮೃದಂಗದ ಎಡಭಾಗ ತೋರಿಸಿದರು. ಪುಟ್ಟ ಬಟ್ಟಲಿನಲ್ಲಿ ಒಂದು ಹಿಡಿ ಸಣ್ಣ ರವೆ, ನೀರು ಚಿಮುಕಿಸಿ ಬೆರಳಲ್ಲೇ ನಾದಿ ಮುದ್ದೆ ಮಾಡಿದರು. ಎಡಗಡೆ ಚರ್ಮದ ನಡುವೆ ಅದನ್ನಿಟ್ಟು ಹೆಬ್ಬೆರಳಿಂದ ಒತ್ತಿ ಹರಡಿದರು. ಮುದ್ದೆ ಇಡುವ ಮುಂಚೆ ಬಡಿದರೆ ಬರೀ ‘ಟಪ್’ ಅಂತಿದ್ದದ್ದು, ಇಟ್ಟ ಮೇಲೆ ‘ಧೋಂ’ ಅಂದಿತು. ಇನ್ನೊಂದು ಚೂರು ರವೆ ಸೇರಿಸಿದರು, ‘ಧೋಂ’ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. “ಜನ ಎಲ್ಲಾ ಬಲಗಡೆ ನಾದಕ್ಕೇ ತಲೆ ಹಾಕ್ತಾರೆ. ಇದು ಇಲ್ಲದೇ ಹೋದ್ರೆ ಮಾತ್ರ ಏನೋ ಕಮ್ಮಿ ಇದೆ ಅಂತ ಮುಖ ಮುಖ ನೋಡ್ಕೋತಾರೆ” ಅಂದರು. ಆಮೇಲೆ ನನ್ನ ಕೈಯಲ್ಲಿ ಒಂದು ಆವರ್ತ ತಾಳ ಹಾಕಿಸಿ, ಅದರಲ್ಲಿ ಒಂದೇ ಒಂದು ಕಡೆ ‘ಧೋಂ’ ಬಡಿಯಲು ಹೇಳಿದರು. ಒಂದೇ ಕಡೆ! ಬಡಿಯುವುದು ಸುಲಭ, ಉಳಿದ ಏಳು ಎಣಿಕೆ ಸುಮ್ಮನೆ ಕೂರುವುದು ಪ್ರಾಣಕ್ಕೆ ಬರುತ್ತದೆ. ಆನ್‌ಲೈನ್ ಮೇಷ್ಟ್ರುಗಳು ನೂರು ವಿಡಿಯೋದಲ್ಲಿ ಹೇಳದ್ದನ್ನು ಅಂಕಲ್ ಕಾಫಿ ಆರುವುದರೊಳಗೆ ಹೇಳಿಕೊಟ್ಟರು.

ಮೆಚ್ಚಿನವರ ಮಾತು ಬಂದರೆ ನನ್ನ ದೇವರು ಜೇಮ್ಸ್ ಜೇಮರ್ಸನ್. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಅರವತ್ತರ ದಶಕದ ಹಿಟ್ ಹಾಡುಗಳಲ್ಲಿ ಲೆಕ್ಕವಿಲ್ಲದಷ್ಟಕ್ಕೆ ಬೇಸ್ ನುಡಿಸಿದವರು. ಬಹುಕಾಲ ರೆಕಾರ್ಡಿನ ಕವರ್ ಮೇಲೆ ಅವರ ಹೆಸರೇ ಇರಲಿಲ್ಲ. ಎಲ್ಲ ನುಡಿಸಿದ್ದು ಬಲಗೈಯ ಒಂದೇ ಒಂದು ಬೆರಳಲ್ಲಿ. ತಂತಿ ಬದಲಾಯಿಸುವ ಗೋಜಿಗಂತೂ ಹೋಗುತ್ತಲೇ ಇರಲಿಲ್ಲವಂತೆ, ತಂತಿಗೆ ಹಿಡಿದ ಕೊಳೆಯಲ್ಲೇ ನಾದ ಇದೆ ಅನ್ನುವ ನಂಬಿಕೆ. ನಾನಿದನ್ನು ಓದಿದ್ದು ತಂತಿ ಬೇಯಿಸಿದ ಮಾರನೇ ದಿನ.

ಹೌದು, ಬೇಯಿಸಿದ್ದೆ. ಹೊಸ ಬೇಸ್ ತಂತಿ ಒಂದು ಸೆಟ್ಟಿಗೆ ಎರಡು ಸಾವಿರದ ಹತ್ತಿರ ಕೇಳುತ್ತಾರೆ. ಹಳೇ ತಂತಿಯನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ಜಿಡ್ಡು ಬಿಟ್ಟು ಕೆಲ ದಿನ ಹೊಸದರ ಹಾಗೆ ಮಿಂಚುತ್ತದೆ ಅನ್ನುವುದು ಬೇಸಿನವರಲ್ಲಿ ನಡೆದು ಬಂದ ಉಪಾಯ. ಅಗಲವಾದ ಪಾತ್ರೆಯಲ್ಲಿ ಸುರುಳಿ ಸುತ್ತಿ ಹಾಕಿ, ಮುಚ್ಚಳ ಮುಚ್ಚಿ, ಫೋನ್ ಬಂತು ಅಂತ ಆಚೆ ಹೋದೆ. ಅತ್ತೆ ಮುಚ್ಚಳ ತೆಗೆದರು. ಕಂದು ನೀರು, ಮೇಲೆ ಎಣ್ಣೆ ಪಸೆ, ಒಳಗೆ ಶ್ಯಾವಿಗೆಯ ಹಾಗೆ ಸುರುಳಿ. ಬೆಂದಿದೆಯಾ ಅಂತ ನೋಡಲು ಸೌಟಿನಲ್ಲಿ ಎತ್ತಿದ್ದಾರೆ. ಅದು ಎತ್ತಿದಷ್ಟೂ ಬರುತ್ತಲೇ ಹೋಯಿತಂತೆ, ತುದಿಯಲ್ಲಿ ಹಿತ್ತಾಳೆ ಗುಂಡು ಬೇರೆ. ಆ ಪಾತ್ರೆ ಈಗ ನನ್ನದು. ಅಡುಗೆಮನೆಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ನಮ್ಮ ಕಡೆಯವರಲ್ಲಿ ಇಳಯರಾಜ. ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ನುಡಿಸುತ್ತ ಪಳಗಿದವರು ಅನ್ನುವುದಕ್ಕೆ ಕನ್ನಡದವನಾಗಿ ನನಗೆ ಒಂದು ಹೆಚ್ಚಿನ ಜಂಬ. 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡನ್ನು ಒಳ್ಳೇ ಹೆಡ್‌ಫೋನಿನಲ್ಲಿ (ಹಾಲು ಇಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡು) ಕೇಳಿ. ಎಸ್ಪಿಬಿ, ಜಾನಕಿಯವರನ್ನು ಒಂದು ಸಲಕ್ಕೆ ಮರೆತು ಕೆಳಗೆ ಕಿವಿಕೊಡಿ. ಅಲ್ಲಿ ಬೇಸು ತಾನೂ ಒಂದು ಹಾಡು ಹೇಳಿಕೊಂಡು ಓಡಾಡುತ್ತಿರುತ್ತದೆ.

ಸೇರದವು ಬೇಕಾದಷ್ಟಿವೆ. ಹೆಬ್ಬೆರಳಿಂದ ತಂತಿಗೆ ರಪರಪ ಬಡಿದು ಮೂವತ್ತು ಸೆಕೆಂಡಿನಲ್ಲಿ ಮುನ್ನೂರು ಸ್ವರ ಕಾರುವ ಹುಡುಗರ ವಿಡಿಯೋ ಸೇರುವುದಿಲ್ಲ. (ನನಗೆ ಬರುವುದಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು, ಆದರೆ ಮುಖ್ಯ ಕಾರಣವಲ್ಲ.) “ಲೀಡ್ ಗಿಟಾರ್ ಯಾವಾಗ ಕಲೀತೀರಾ?” ಅನ್ನುವ ಪ್ರಶ್ನೆ ಸೇರುವುದಿಲ್ಲ. ಗಣೇಶನ ಮೆರವಣಿಗೆಯ ಡಿಜೆ ಸೇರುವುದಿಲ್ಲ. ಬೇಸಿಗೆ ಈ ಊರಲ್ಲಿ ಅಷ್ಟು ಮರ್ಯಾದೆ ಸಿಗುವುದು ಅಲ್ಲೊಂದೇ ಕಡೆ, ಆದರೂ ಸೇರುವುದಿಲ್ಲ.

ವೇದಿಕೆ ಹತ್ತಿದ್ದೂ ಆಯಿತು, ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ. ಆರ್ಕೆಸ್ಟ್ರಾದವರು ಮೊದಲೇ, “ಬೇಸ್ ಯಾಕೆ ಸಾರ್, ಕೀಬೋರ್ಡಿನವನ ಎಡಗೈ ಇದೆಯಲ್ಲ” ಅಂದಿದ್ದರು. ಕಾಡಿಬೇಡಿ ನಾಲ್ಕು ಹಾಡಿಗೆ ನಿಂತೆ. ನಿರೂಪಕರು ಎಲ್ಲರ ಹೆಸರು ಹೇಳಿ, ನನ್ನ ಹತ್ತಿರ ಬಂದಾಗ “ಇನ್ನೊಂದು ಗಿಟಾರಿನಲ್ಲಿ” ಅಂದು ಮುಂದೆ ಹೋದರು. ಕಂಬಕ್ಕೆ ಕಟ್ಟಿದ್ದೆಲ್ಲ ಕಹಳೆ ಥರದ ಸ್ಪೀಕರುಗಳು. ಭಾಷಣಕ್ಕೆ ಹೇಳಿ ಮಾಡಿಸಿದವು ಅವು, ಬೇಸಿನ ಕೆಳಗಿನ ಸ್ವರ ಅವುಗಳ ಬಾಯಲ್ಲಿ ಹೊರಡುವುದೇ ಇಲ್ಲ. ನಾನು ಬೆವರು ಸುರಿಸಿ ನುಡಿಸಿದೆ. ಹೆಂಡತಿ ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿ ಶಿವಮೊಗ್ಗದಿಂದ ಚಿಕ್ಕಮ್ಮ ಫೋನ್ ಮಾಡಿದರು: “ಚೆನ್ನಾಗಿ ಬಂದಿದೆ ಕಣೋ. ನಿಂಗೆ ಬಾರ್ಸೋಕೆ ಯಾಕೆ ಕೊಡ್ಲಿಲ್ಲ ಅವ್ರು?”

ಈಗ ಆಫೀಸಿನ ವಾರ್ಷಿಕೋತ್ಸವ ಹತ್ತಿರ ಬಂದಿದೆ. ಹಾಡುವ ಹುಡುಗಿ ತನ್ನ ಗಂಟಲಿಗೆ ಎ ಮೇಜರೇ, ಅಂದರೆ ಎ ಸ್ವರವೇ ಷಡ್ಜ ಆಗಬೇಕು ಅಂದಿದ್ದಾಳೆ. ಹಾಡಿನ ತುಂಬ ಎ, ಎಷ್ಟು ಸಲ ಅಂತ ಮೇಲಕ್ಕೆ ಹಾರಲಿ? ಕೆಳಗೆ ಹೋಗಿ ಆಂಟಿಯ ಹತ್ತಿರ ಕಷ್ಟ ಹೇಳಿಕೊಂಡೆ. ಅವರು ಮಾತಾಡದೆ ಒಂದು ಹಳೇ ಟವೆಲ್ ಹರಿದು, ತಟ್ಟೆ ತಟ್ಟೆಯ ಮಧ್ಯೆ ಒಂದೊಂದು ತುಂಡು ತುರುಕಿ, “ಹೋಗಿ, ಈಗ ಬಾರಿಸಿ ನೋಡೋಣ” ಅಂದರು. ಮೇಲೆ ಬಂದು ಎ ಮೀಟಿದೆ. ಕೆಳಗಿಂದ ಸದ್ದಿಲ್ಲ. ಧೈರ್ಯ ಬಂದು ಇನ್ನೂ ಜೋರಾಗಿ ಮೀಟಿದೆ.

ಮೆಟ್ಟಿಲ ಬುಡದಿಂದ ಆಂಟಿ ಕೂಗಿದರು: “ತಟ್ಟೆ ಸುಮ್ನಿದೆ ಕಣಪ್ಪಾ! ಈಗ ದೇವರ ಮನೆ ಬಾಗಿಲ ಗಂಟೆ ಶುರುವಾಯ್ತು!”