ಬಾಣಂತಿ ತಲೆನೋವು ಮತ್ತು ಒಂದು ನಾರ್ಮಲ್ ರಿಪೋರ್ಟ್

ನಮ್ಮ ಚಿಕ್ಕಮ್ಮನ ಮಗಳಿಗೆ ಸಿಸೇರಿಯನ್ ಆಗಿ ಒಂಬತ್ತನೇ ದಿನ ತಲೆನೋವು ಶುರುವಾಯಿತು. ಮುಳಬಾಗಿಲು ಕಡೆ ಹಳ್ಳಿ. ಕಾರಣ ಏನು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಅಜ್ಜಿ ಪ್ರಕಾರ ಗಾಳಿ ಸೋಕಿದೆ, ಕಿವಿಗೆ ಹತ್ತಿ ಇಟ್ಟುಕೊಂಡಿಲ್ಲ. ಪಕ್ಕದ ಮನೆಯವರ ಪ್ರಕಾರ ಬೆನ್ನಿಗೆ ಕೊಟ್ಟ ಇಂಜೆಕ್ಷನ್. ತೋರಿಸಿದ ಆಸ್ಪತ್ರೆಯಲ್ಲೂ ಅದನ್ನೇ ಹೇಳಿ, ಯಾವುದಕ್ಕೂ ಇರಲಿ ಅಂತ ತಲೆಯ ಒಂದು ಸಿಟಿ ಸ್ಕ್ಯಾನ್ ಮಾಡಿಸಿದರು. ಐದು ನಿಮಿಷದ ಕೆಲಸ. ರಿಪೋರ್ಟ್ ನಾರ್ಮಲ್. ನಿರಾಳವಾಗಿ ಮನೆಗೆ ಬಂದೆವು.

ಹನ್ನೆರಡನೇ ದಿನ ಬೆಳಗ್ಗೆ ಅವಳ ಬಲಗೈ ಅದುರತೊಡಗಿತು. ಫಿಟ್ಸ್.

ಕೋಲಾರಕ್ಕೆ ಓಡುವಾಗ ಕಾರಿನಲ್ಲಿ ಕೂತು ಹಳೆಯ ಸ್ಕ್ಯಾನ್ ಚೀಟಿ ನೋಡಿದೆ. 'ತಲೆನೋವು. ಸಿಟಿ ಬ್ರೈನ್ ಪ್ಲೇನ್.' ಅಂದರೆ ರಕ್ತನಾಳಕ್ಕೆ ಡೈ ಚುಚ್ಚದೆ ಮಾಡುವ ಮಿದುಳಿನ ಸಿಟಿ. ಅಷ್ಟೇ. ಹೆರಿಗೆ ಆಗಿದೆ ಅಂತ ಒಂದಕ್ಷರ ಇಲ್ಲ. ಬೆನ್ನಿನ ಇಂಜೆಕ್ಷನ್ ತಲೆನೋವು ಸಾಮಾನ್ಯವಾಗಿ ಮೊದಲ ಐದು ದಿನದೊಳಗೆ ಬರುತ್ತದೆ, ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಇವಳದು ಮಲಗಿದರೂ ಬಿಡುತ್ತಿರಲಿಲ್ಲ. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈ ಸಲದ ಡಾಕ್ಟರು ಚೀಟಿಯಲ್ಲಿ ನಾಲ್ಕು ಸಾಲು ಬರೆದರು. ಎಂಆರ್‌ಐ ಜೊತೆಗೆ ವೀನೋಗ್ರಾಮ್, ಅಂದರೆ ಮಿದುಳಿಂದ ರಕ್ತ ವಾಪಸ್ ಒಯ್ಯುವ ನಾಳಗಳ ಚಿತ್ರ. ಆ ಯಂತ್ರ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಬಾರದು. ಕಾಲುಂಗುರ ತೆಗೆದಾಯಿತು. ತಾಳಿಗೆ ಬಂದಾಗ ಅವರತ್ತೆ ಒಪ್ಪಲೇ ಇಲ್ಲ. ಒಳಗಿಂದ ಟೆಕ್ನಿಷಿಯನ್ ಕೂಗುತ್ತಿದ್ದಾನೆ, ಇವರು ಅಳುತ್ತಿದ್ದಾರೆ. ಕೊನೆಗೆ ಆಯಮ್ಮ ಒಬ್ಬರು ಎಲ್ಲಿಂದಲೋ ಒಂದು ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ ಅವಳ ಕೊರಳಿಗೆ ಹಾಕಿದರು. ಆಮೇಲೇ ತಾಳಿ ಬಿಚ್ಚಿದ್ದು. ದಿನಾ ನೋಡಿ ಅಭ್ಯಾಸ ಅನಿಸುತ್ತೆ.

ಆಮೇಲೆ ಕಂಪ್ಯೂಟರ್‌ನಲ್ಲಿ ತೋರಿಸಿದರು. ಕಪ್ಪು ಹಿನ್ನೆಲೆ, ಹರಿಯುವ ರಕ್ತ ಬೆಳ್ಳಗೆ. ನೆತ್ತಿಯ ಉದ್ದಕ್ಕೂ ಹಿಂದಕ್ಕೆ ಹೋಗಬೇಕಾದ ದಪ್ಪ ಬಿಳಿ ಗೆರೆ ಇವಳಲ್ಲಿ ಮಧ್ಯದಲ್ಲೇ ಮಾಯ. ಮಿದುಳಿಂದ ವಾಪಸ್ ಹೋಗುವ ರಕ್ತನಾಳದಲ್ಲಿ ಹೆಪ್ಪು. ಸಿವಿಟಿ ಅಂತಾರೆ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲಿ ಅಂತ ದೇಹವೇ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಂಡಿರುತ್ತದೆ. ಹಾಗಾಗಿ ಮೊದಲ ಆರು ವಾರ ಈ ಅಪಾಯ ಸ್ವಲ್ಪ ಜಾಸ್ತಿ. ಅಪರೂಪವೇ, ಆದರೆ ಬಾಣಂತಿಯಲ್ಲಿ ನೆನಪಿಗೆ ಬರಲೇಬೇಕಾದ ಅಪರೂಪ.

ಪ್ಲೇನ್ ಸಿಟಿಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಂತ ಸಿಟಿ ದಂಡ ಅಲ್ಲ. ಡೈ ಕೊಟ್ಟು ಸಿಟಿ ವೀನೋಗ್ರಾಮ್ ಮಾಡಿದ್ದರೆ ಅದರಲ್ಲೂ ಸಿಗುತ್ತಿತ್ತು. ಸಿಟಿ ಕಂಡುಹಿಡಿದವರಿಗೆ 1979ರಲ್ಲಿ, ಎಂಆರ್‌ಐನವರಿಗೆ 2003ರಲ್ಲಿ ನೊಬೆಲ್ ಬಂತು. ಆದರೂ ಹುಡುಕಬೇಕಾದ್ದು ಏನು ಅಂತ ಮನುಷ್ಯನೇ ಹೇಳಬೇಕಲ್ವಾ? ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಥಾ ಬೋರ್‌ವೆಲ್ ಲಾರಿ ತಂದು ಸಾವಿರದಿನ್ನೂರು ಅಡಿ ಕೊರೆಸಿದರೂ ಪಾಯಿಂಟ್ ತಪ್ಪಿದರೆ ಬರೀ ದೂಳು. ಅದಕ್ಕೇ 'ಒಂದು ಸ್ಕ್ಯಾನ್ ಬರೆದುಬಿಡಿ ಸಾರ್' ಅಂತ ಸುಮ್ನೆ ಪೀಡಿಸುವ ಬದಲು, ಹೆರಿಗೆ ಆಗಿ ಎಷ್ಟು ದಿನ, ನೋವು ಯಾವಾಗ ಜಾಸ್ತಿ, ಕಣ್ಣು ಮಂಜಾಗುತ್ತಾ, ಇಷ್ಟನ್ನು ನಾವೇ ಬಾಯಿಬಿಟ್ಟು ಹೇಳೋಣ ಅಂತ ನನಗನಿಸುತ್ತೆ.

ಮಿದುಳಲ್ಲಿ ಸ್ವಲ್ಪ ರಕ್ತವೂ ಸೋರಿತ್ತು. ಆದರೂ ರಕ್ತ ತೆಳು ಮಾಡುವ ಹೆಪಾರಿನ್ ಶುರು ಮಾಡಿದರು. 'ಸೋರಿದೆ ಅಂತೀರಿ, ಮತ್ತೆ ತೆಳು ಮಾಡ್ತೀರಾ?' ಅಂತ ಚಿಕ್ಕಪ್ಪ ಜಗಳಕ್ಕೇ ನಿಂತರು. ಕಟ್ಟಿಕೊಂಡ ನಾಳ ಬಿಟ್ಟುಕೊಂಡರೆ ತಾನೇ ಸೋರುವುದು ನಿಲ್ಲೋದು ಅಂತ ಡಾಕ್ಟರು ಕೂರಿಸಿಕೊಂಡು ವಿವರಿಸಿದರು.

ಇನ್ನೊಂದು ಮಾತು, ಅಜ್ಜಿಯಂದಿರು ಬೈದರೂ ಪರವಾಗಿಲ್ಲ. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅನ್ನುವ ನಮ್ಮ ಕಡೆಯ ಪದ್ಧತಿ. ಇವಳಿಗೆ ಅದರಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಮೈಯಲ್ಲಿ ನೀರಿನಂಶ ಇಳಿದರೆ ಹೆಪ್ಪುಗಟ್ಟುವುದು ಇನ್ನೂ ಸುಲಭ. ಮೇ ತಿಂಗಳ ಸೆಕೆಯಲ್ಲಿ ಅವಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಎರಡು ಲೋಟ.

ಈಗ ಮನೆಗೆ ಬಂದಿದ್ದಾಳೆ. ಮಾತ್ರೆ ಇನ್ನೂ ಕೆಲವು ತಿಂಗಳು ಇದೆ, ಮಗುವಿಗೆ ಹಾಲು ಕುಡಿಸಬಹುದು ಅಂದಿದ್ದಾರೆ. ಅಜ್ಜಿ ಹಾಸಿಗೆ ಪಕ್ಕ ಬಿಸಿನೀರಿನ ಚೊಂಬು ಇಟ್ಟು ಲೋಟ ಎಣಿಸುತ್ತಾರೆ. 'ಮಗೀಗೆ ಶೀತ ಆದ್ರೆ ನನ್ನ ಕೇಳಬೇಡಿ' ಅಂತ ಗೊಣಗಿಕೊಂಡೇ.