ಅಶೋಕನಗರದ ಆ ಸೀಸನ್ನನ್ನೂ ಲೆಕ್ಕಕ್ಕೆ ಹಿಡಿಯಿರಿ

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಜೆರ್ಸಿ ಹಾಕಿಕೊಂಡು ಬಂದಿದ್ದ. ಖುಷಿಯಾಗಿ ಮಾತಿಗೆಳೆದೆ. "ನಾವು ಲೀಗ್ ಗೆದ್ದಿರೋದು ಒಂದೇ ಸಲ ಅಲ್ವಾ ಸಾರ್, 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್)" ಅಂದ. ನಿಜಕ್ಕೂ ಸಂಕಟ ಆಯ್ತು. ಅವನ ತಪ್ಪಲ್ಲ. ಅದಕ್ಕೂ ಮುಂಚಿನ ಕಥೆಯನ್ನು ಅವನಿಗೆ ಯಾರೂ ಹೇಳಿಲ್ಲ.

ಆಗ ದೇಶದ ದೊಡ್ಡ ಲೀಗ್ ಅಂದ್ರೆ ಐ-ಲೀಗ್. 2012ರಲ್ಲಿ ಎಚ್‌ಎಎಲ್ ತಂಡ ಕೆಳಗಿನ ಲೀಗಿಗೆ ಇಳಿದ ಮೇಲೆ ಅದರಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. 2013ರ ಜುಲೈನಲ್ಲಿ ಬಿಎಫ್‌ಸಿ ಹುಟ್ಟಿತು. ಎರಡೇ ತಿಂಗಳಿಗೆ, ಸೆಪ್ಟೆಂಬರ್ 22ರ ಭಾನುವಾರ, ಮೊದಲ ಪಂದ್ಯ. ಎದುರಿಗೆ 1889ರಲ್ಲಿ ಶುರುವಾದ ಕೋಲ್ಕತ್ತದ ಮೋಹನ್ ಬಗಾನ್!

ಅವತ್ತು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿದ್ದೆ. ಪಕ್ಕದಲ್ಲಿ ಆಸ್ಟಿನ್ ಟೌನ್‌ನ ಅಂಕಲ್ ಒಬ್ಬರು. ಪೇಪರ್ ಹರಿದು ಅರ್ಧ ನನಗೆ ಕೊಟ್ಟು, "ಹಾಕ್ಕೊಂಡು ಕೂತ್ಕೋ ಮಗಾ, ಸಿಮೆಂಟು ಕಾದಿದೆ" ಅಂದರು. ಮೈದಾನದ್ದು ನಿಜವಾದ ಹುಲ್ಲಲ್ಲ, ಪ್ಲಾಸ್ಟಿಕ್ ಹುಲ್ಲು. ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ರಬ್ಬರಿನ ಕಪ್ಪು ಚೂರು ಚಿಮ್ಮುತ್ತಿತ್ತು. ಶಾನ್ ರೂನಿ ಗೋಲು ಹೊಡೆದಾಗ ಎಲ್ಲರೂ ಎದ್ದು ಕುಣಿದರು. ಅಂಕಲ್ ಏಳಲಿಲ್ಲ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಕೂತರು. "ಐಟಿಐ ಕಾರ್ಖಾನೆ ತಂಡ ಆಡ್ತಿದ್ದಾಗ ಬರ್ತಿದ್ದೆ, ಆಮೇಲೆ ಬಂದೇ ಇರ್ಲಿಲ್ಲ" ಅಂದರು. ಪಂದ್ಯ 1-1 ಆಯಿತು.

ಅವರ ಆ ಹಿಡಿತ ನನಗೆ ಆಮೇಲೆ ಅರ್ಥವಾಯಿತು. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರು ಅಂತ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಅಂಥ ಊರಿಗೆ ದೊಡ್ಡ ಲೀಗಿನಲ್ಲಿ ಒಂದು ತಂಡವೂ ಇರಲಿಲ್ಲ ಅಂದ್ರೆ ಹಳಬರ ಹೊಟ್ಟೆ ಉರಿಯದೆ ಇರುತ್ತಾ?

2007ರಲ್ಲಿ ಐ-ಲೀಗ್ ಶುರುವಾದಾಗಿನಿಂದ ಆರಕ್ಕೆ ಆರೂ ಕಪ್ ಗೋವಾದ ಪಾಲಾಗಿದ್ದವು. ಡೆಂಪೊ ಮೂರು, ಚರ್ಚಿಲ್ ಎರಡು, ಸಲ್ಗಾಂವ್‌ಕರ್ ಒಂದು. ಅದನ್ನು ಮುರಿದದ್ದು ಈ ಹೊಸ ಹುಡುಗರು. ಕೋಚ್ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ, ಹಿಂದೆ ಗೋಡೆಯ ಹಾಗೆ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ. ಚೆಟ್ರಿ 14 ಗೋಲು ಹೊಡೆದರು. 2014ರ ಏಪ್ರಿಲ್ 21ರಂದು ಕಪ್ ನಮ್ಮದಾಗಿದ್ದು ಎಲ್ಲಿ ಗೊತ್ತಾ? ಗೋವಾದಲ್ಲೇ. ಮಡಗಾಂವ್‌ನ ಫತೋರ್ಡಾದಲ್ಲಿ ಡೆಂಪೊವನ್ನೇ 4-2ರಿಂದ ಸೋಲಿಸಿ. ಟಿವಿ ಮುಂದೆ ಕೂತಿದ್ದ ನನಗೆ ಕಣ್ಣಲ್ಲಿ ನೀರು ಬಂತು.

ದುಡ್ಡಿದ್ದವರು ಗೆದ್ದರು, ಅದರಲ್ಲೇನು ಅಂತ ಕೆಲವರು ಆಗಲೂ ಹೇಳಿದರು. ನಾನು ಒಪ್ಪುವುದಿಲ್ಲ. ದುಡ್ಡು ಆಟಗಾರರನ್ನು ತರುತ್ತದೆ. ಶಿಲ್ಲಾಂಗ್‌ಗೂ ಕೋಲ್ಕತ್ತಕ್ಕೂ ಓಡಾಡಿ ತಿಂಗಳುಗಟ್ಟಲೆ ಪಾಯಿಂಟ್ ಕೂಡಿಸುವ ಛಲ ಅಂಗಡಿಯಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗ, "ಫೈನಲ್ ಯಾರ ಜೊತೆ ಸಾರ್?" ಅಂದ. ಫೈನಲ್ ಇರಲಿಲ್ಲ ಕಣೋ ಅಂದೆ. 13 ತಂಡ, ಒಬ್ಬೊಬ್ಬರಿಗೆ 24 ಪಂದ್ಯ. 14 ಗೆಲುವು, 5 ಡ್ರಾ, 5 ಸೋಲು, 47 ಪಾಯಿಂಟ್. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಜಾಸ್ತಿ ಪಾಯಿಂಟ್ ಯಾರಿಗಿದೆಯೋ ಅವರೇ ಚಾಂಪಿಯನ್.

ನನಗೆ ಈಗಲೂ ಅದೇ ಸರಿ ಅನಿಸುತ್ತದೆ. 2017-18ರ ಐಎಸ್‌ಎಲ್ ನೆನಪಿದೆ ಅಲ್ವಾ? 18 ಪಂದ್ಯದಲ್ಲಿ 40 ಪಾಯಿಂಟ್ ತೆಗೆದು ಮೊದಲ ಸ್ಥಾನದಲ್ಲಿದ್ದೆವು. ಚೆನ್ನೈಯಿನ್ ಎಂಟು ಪಾಯಿಂಟ್ ಹಿಂದೆ. ಕಂಠೀರವದಲ್ಲಿ ಒಂದು ರಾತ್ರಿ ಫೈನಲ್‌ನಲ್ಲಿ ಅವರಿಗೆ 3-2ರಿಂದ ಸೋತೆವು, ಕಪ್ ಅವರದ್ದಾಯಿತು. ಫೈನಲ್ ಇಲ್ಲದಿದ್ದರೆ ರೋಚಕತೆ ಇರಲ್ಲ ಅನ್ನುವವರು 2015ರ ಮೇ 31 ನೆನಪಿಸಿಕೊಳ್ಳಿ. ಐ-ಲೀಗಿನ ಕೊನೆಯ ದಿನ, ಅದೇ ಕಂಠೀರವ, ಎದುರಿಗೆ ಮೋಹನ್ ಬಗಾನ್. ನಾವು ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಬಗಾನ್‌ದು. ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷದಲ್ಲಿ ಅವರ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಹಾಕಿದ. ತುಂಬಾ ನೋವಾಯಿತು. ಆದರೆ ಮೋಸ ಆಯ್ತು ಅಂತ ಒಂದು ಕ್ಷಣವೂ ಅನಿಸಲಿಲ್ಲ. ಮುಂದಿನ ವರ್ಷ ಐ-ಲೀಗ್ ಮತ್ತೆ ಗೆದ್ದೆವು. ಒಟ್ಟು ಐ-ಲೀಗ್ ಎರಡು, ಐಎಸ್‌ಎಲ್ ಒಂದು. ಲೆಕ್ಕ ಇದು.

2013-14ರಲ್ಲಿ ಅಶೋಕನಗರದಲ್ಲಿ ಕೂತಿದ್ದವರು ಇಲ್ಲಿ ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ. ಟಿಕೆಟ್ ಎತ್ತಿಟ್ಟಿದ್ದರೆ ಅದನ್ನೂ ಹಾಕಿ. ಆ ಹುಡುಗನಿಗೆ ತೋರಿಸಬೇಕು.