ಚಿಕ್ಕಪ್ಪನ ಫೋಲ್ಡರಿಗೆ ಚಿಕ್ಕಪ್ಪನದೇ ಅನುಮತಿ ಬೇಕಂತೆ

ಕಂಪ್ಯೂಟರ್ ಗೊತ್ತಿರುವ ಹುಡುಗ ಅಂತ ನೆಂಟರಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗೀತು, ಆಮೇಲೆ ಹಬ್ಬದೂಟವೂ ಪುಕ್ಕಟೆ ಸಿಗುವುದಿಲ್ಲ. ಗಣೇಶನ ಹಬ್ಬಕ್ಕೆ ಹೋದ ನನ್ನ ಮುಂದೆ ಚಿಕ್ಕಮ್ಮ ಕಡುಬು ತಂದಿಡುವ ಮೊದಲೇ ಚಿಕ್ಕಪ್ಪ ಲ್ಯಾಪ್‌ಟಾಪ್ ತಂದಿಟ್ಟರು. ಜೊತೆಗೆ ಅವರ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕು. ಅಂಗಡಿಯವನು ಅದನ್ನೊಂದು ಡಬ್ಬಿಗೆ ಹಾಕಿ ಯುಎಸ್‌ಬಿ ವೈರು ಸಿಕ್ಕಿಸಿ ಕೊಟ್ಟಿದ್ದ.

"ಬೇಡದ್ದೆಲ್ಲ ತೆಗೆದು ಜಾಗ ಮಾಡಿಕೊಡು ಮಗಾ."

"ಫಾರ್ಮ್ಯಾಟ್ ಮಾಡಿಬಿಡ್ಲಾ?"

"ಅಯ್ಯೋ ಬೇಡ! ಮನೆ ಕಟ್ಟಿದ ಲೆಕ್ಕ, ಪಿಂಚಣಿ ಕಾಗದ ಎಲ್ಲ ಅದರಲ್ಲೇ ಇದೆ." ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೊದಲು ನನ್ನ ಭಾಮೈದನ ಮದುವೆ ವಿಡಿಯೋ ತೆಗಿ. ದೊಡ್ಡದು ಅದೇ."

ಡಿಲೀಟ್ ಒತ್ತಿದೆ. ಫೈಲ್ ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ತೆರೆದಿದೆ, ಮುಚ್ಚಿ ಮತ್ತೆ ಪ್ರಯತ್ನಿಸಿ ಎಂದಿತು. ಎಕ್ಸ್‌ಪ್ಲೋರರ್ ಅಂದರೆ ನಾನು ಆ ಫೈಲನ್ನು ನೋಡುತ್ತಿದ್ದ ಕಿಟಕಿಯೇ! ಬಲಗಡೆಯ ಪ್ರಿವ್ಯೂ ಪಟ್ಟಿ ಮದುಮಕ್ಕಳ ಮುಖ ತೋರಿಸುವ ಉತ್ಸಾಹದಲ್ಲಿ ಫೈಲನ್ನು ಹಿಡಿದು ಕೂತಿತ್ತು. ಆಲ್ಟ್ ಮತ್ತು ಪಿ ಒತ್ತಿ ಪಟ್ಟಿ ಮುಚ್ಚಿದೆ, ಬಿಟ್ಟುಕೊಟ್ಟಿತು. ಇದಕ್ಕೂ ಜಗ್ಗದವಕ್ಕೆ ಪವರ್‌ಟಾಯ್ಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ 2022ರಿಂದ ಫೈಲ್ ಲಾಕ್‌ಸ್ಮಿತ್ ಅಂತ ಒಂದಿದೆ, ಯಾವ ಪ್ರೋಗ್ರಾಂ ಹಿಡಿದಿದೆ ಎಂದು ಹೆಸರು ಸಮೇತ ಹೇಳುತ್ತದೆ. (ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸಿನಲ್ಲಿ ಈ ರಗಳೆಯೇ ಇಲ್ಲ. ಓದುತ್ತಿರುವವರು ಓದಿ ಮುಗಿಸಲಿ ಅಂತ ಒಳಗಿನದನ್ನು ಉಳಿಸಿ ಹೆಸರನ್ನು ಮಾತ್ರ ಆಗಲೇ ಕಿತ್ತುಹಾಕುತ್ತದೆ. ಇದನ್ನು ಚಿಕ್ಕಪ್ಪನಿಗೆ ಹೇಳಲು ಹೋಗಲಿಲ್ಲ. ಹೇಳಿದ್ದರೆ ಅದನ್ನೂ ಅವತ್ತೇ ಹಾಕಿಸಿಕೊಳ್ಳುತ್ತಿದ್ದರು.)

ನಿಜವಾದ ತಕರಾರು ಶುರುವಾಗಿದ್ದು ಅವರ ಹಳೇ ಡೆಸ್ಕ್‌ಟಾಪ್ ಫೋಲ್ಡರಿಗೆ ಕೈ ಹಾಕಿದಾಗ. ಇದನ್ನು ಬದಲಿಸಲು ಎಸ್-1-5-21 ಎಂದು ಶುರುವಾಗಿ ಆ ತುದಿಯಿಂದ ಈ ತುದಿಯವರೆಗೆ ಅಂಕಿಗಳಿರುವ ಯಾರೋ ಒಬ್ಬರ ಅನುಮತಿ ಬೇಕು ಎಂದಿತು.

ಚಿಕ್ಕಪ್ಪ ಕನ್ನಡಕ ಏರಿಸಿ ಬಗ್ಗಿ ಓದಿದರು. "ಯಾರಯ್ಯಾ ಇದು?"

"ನೀವೇ ಚಿಕ್ಕಪ್ಪ."

"ನಾನಾ? ನನ್ನ ಪಿಂಚಣಿ ಆದೇಶದ ಪಿಪಿಓ ನಂಬರೇ ಇಷ್ಟುದ್ದ ಇಲ್ಲ!"

ವಿಂಡೋಸಿಗೆ ಹೆಸರು ಲೆಕ್ಕಕ್ಕಿಲ್ಲ, ಒಬ್ಬೊಬ್ಬ ಬಳಕೆದಾರನಿಗೂ ಒಂದೊಂದು ನಂಬರು ಕೊಟ್ಟಿರುತ್ತದೆ, ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿಟ್ಟುಕೊಂಡರೂ ನಂಬರು ಬೇರೆ, ಹಾಗಾಗಿ ಹಳೇ ನೀವು ಹೊಸ ನಿಮಗೆ ಅನುಮತಿ ಕೊಡಬೇಕು ಎಂದು ವಿವರಿಸಿದೆ.

"ಇಲ್ಲೇ ಕೂತಿದ್ದೀನಲ್ಲ, ಕೊಟ್ಟಿದ್ದಾರೆ ಅಂತ ಹೇಳು ಅದಕ್ಕೆ!" ಅಂದವರು ತಾವೇ ತಣ್ಣಗಾದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತರಾದವರು. "ಗೊತ್ತಾಯ್ತು ಬಿಡು. ನವೆಂಬರ್ ಬಂತಂದ್ರೆ ನಾನು ಬದುಕಿದ್ದೀನಿ ಅಂತ ನಾನೇ ಹೋಗಿ ಜೀವನ ಪ್ರಮಾಣಪತ್ರ ಕೊಡಲ್ವಾ, ಇದೂ ಅದೇ."

ಕಂಪ್ಯೂಟರ್ ಕಲಿಸುವ ಯಾವ ಮೇಷ್ಟರೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ, ಅಡ್ವಾನ್ಸ್‌ಡ್ ಎಂದು ಒಳಹೊಕ್ಕು, ಮಾಲೀಕರ ಹೆಸರು ಬದಲಿಸಿ, ಒಳಗಿರುವುದೆಲ್ಲದಕ್ಕೂ ಅನ್ವಯಿಸು ಎಂದು ಟಿಕ್ ಹಾಕಿದೆ. ಖಾತೆ ಬದಲಾವಣೆ ಒಂದೊಂದೇ ಫೈಲಿಗೆ ಸಾಗುತ್ತಿದ್ದಾಗ ಕಡುಬು ತಿಂದೆ. ಇನ್ನೂ ಸಾಗುತ್ತಿತ್ತು. ಪಾಯಸವನ್ನೂ ಮುಗಿಸಿದೆ.

ಆಮೇಲೆ ಸಿಕ್ಕಿದ್ದು 'ಅಪ್ಪನ ಶ್ರಾದ್ಧಕ್ಕೆ ಊರಿಗೆ ಹೋದಾಗ ತೆಗೆದ ಚಿತ್ರಗಳು, ಪರಿಷ್ಕೃತ' ಎಂಬ ಫೋಲ್ಡರು. ಅದರೊಳಗೆ 'ಸದರಿ ಚಿತ್ರಗಳಲ್ಲಿ ಹಳೆಯವು'. ಅದರೊಳಗೆ 'ಹಳೆಯವುಗಳ ಪೈಕಿ ಸರಿಯಾಗಿ ಬಾರದಿರುವವು'. ಹೀಗೇ ಪಾತಾಳದವರೆಗೆ. ಹೆಸರು ತೀರಾ ಉದ್ದವಾಯಿತು, ಅಳಿಸಲಾರೆ ಎಂದಿತು ಲ್ಯಾಪ್‌ಟಾಪು. ಡ್ರೈವಿನಿಂದ ಹಿಡಿದು ಕೊನೆಯ ಫೈಲಿನವರೆಗೆ ಇಡೀ ವಿಳಾಸ 260 ಅಕ್ಷರ ದಾಟಬಾರದೆಂಬುದು ಹಳೇ ಕಾಲದ ಕಟ್ಟುಪಾಡು. ಅದರಲ್ಲೂ ಕಾಗುಣಿತ, ಒತ್ತು ಎಲ್ಲ ಬಿಡಿಬಿಡಿ ಎಣಿಕೆ: 'ಶ್ರಾದ್ಧ' ನಮ್ಮ ಕಣ್ಣಿಗೆ ಎರಡಕ್ಷರ, ಅದಕ್ಕೆ ಏಳು. ಮೇಲಿನಿಂದ ಒಂದೊಂದೇ ಫೋಲ್ಡರಿಗೆ ಅ, ಆ, ಇ ಎಂದು ಮರುನಾಮಕರಣ ಮಾಡುತ್ತಾ ಇಳಿದೆ. ವಿಳಾಸ ಗಿಡ್ಡವಾದ ಮೇಲೆ ತೆಪ್ಪಗೆ ಹೋಯಿತು.

"ಇಷ್ಟುದ್ದ ಹೆಸರು ಯಾಕಿಡ್ತೀರಿ ಚಿಕ್ಕಪ್ಪ?"

"ಮೊದಲು ಚಿಕ್ಕದೇ ಇಡೋಕೆ ಹೋಗಿದ್ದೆ ಕಣೋ. ಮನೆ ಕಟ್ಟಿಸುವಾಗ ಕನ್‌ಸ್ಟ್ರಕ್ಷನ್ ಅಂತ ಬರೆಯೋ ಬದಲು ಸಿ, ಓ, ಎನ್ ಅಂತ ಮೂರೇ ಅಕ್ಷರ ಹಾಕಿದೆ. ಆ ಹೆಸರು ನಡೆಯಲ್ಲ ಅಂತು. ಅವತ್ತಿಂದ ಎಲ್ಲಾನೂ ವಿವರವಾಗಿ ಬರೀತೀನಿ."

ಎಂಥಾ ಗ್ರಹಚಾರ! ಇರುವ ಲಕ್ಷಾಂತರ ಹೆಸರುಗಳಲ್ಲಿ 'ಕಾನ್' ಅನ್ನೇ ಆರಿಸಿದ್ದರು. ಅದು ವಿಂಡೋಸಿಗೂ ಮುಂಚಿನ, 1981ರ ಡಾಸ್ ಕಾಲದಿಂದ ಕೀಲಿಮಣೆ-ಪರದೆಗೆ ಮೀಸಲು. ಪ್ರಿಂಟರಿಗೆಂದು ಎಲ್‌ಪಿಟಿ1, ಎಲ್‌ಪಿಟಿ2 ಇತ್ಯಾದಿ ಇದ್ದ ಹಾಗೆ. ಈ ಮೀಸಲಾತಿಯ ಇನ್ನೊಂದು ಫಲಾನುಭವಿ ಅದೇ ಡಿಸ್ಕಿನಲ್ಲಿತ್ತು: ಆಟೋರನ್ ಡಾಟ್ ಐಎನ್‌ಎಫ್ ಎಂಬ ಫೋಲ್ಡರು, ಒಳಗೆ ಎಲ್‌ಪಿಟಿ3 ಎಂದು ಶುರುವಾಗುವ ಮರಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೆನ್ ಡ್ರೈವ್ ವೈರಸ್‌ಗಳು ಆಟೋರನ್ ಹೆಸರಿನ ಫೈಲ್ ಇಟ್ಟೇ ಹರಡುತ್ತಿದ್ದವು. ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಫೈಲಿಗೆ ಜಾಗವಿಲ್ಲ, ಒಳಗೊಂದು ಮೀಸಲು ಹೆಸರಿದ್ದರೆ ಅಳಿಸುವುದೂ ಸುಲಭವಲ್ಲ. ಯಾರೋ ಪುಣ್ಯಾತ್ಮ ಬೇಕಂತಲೇ ಹಾಕಿಕೊಟ್ಟ ಲಸಿಕೆ ಅದು. ವಿಳಾಸದ ಶುರುವಿಗೆ ಎರಡು ಬ್ಯಾಕ್‌ಸ್ಲ್ಯಾಶ್, ಒಂದು ಪ್ರಶ್ನಾರ್ಥಕ, ಮತ್ತೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ ಕಮಾಂಡ್ ಪ್ರಾಂಪ್ಟಿನಲ್ಲಿ ಫೋಲ್ಡರ್ ಅಳಿಸುವ ಆರ್‌ಡಿ ಆಜ್ಞೆ ಹೊಡೆದರೆ ಅದೂ ಹೋಗುತ್ತದೆ. ಚಿಕ್ಕಪ್ಪ ಒಪ್ಪಲಿಲ್ಲ. "ಜಾಗ ಏನೂ ತಿಂತಿಲ್ಲ ತಾನೆ? ಇರ್ಲಿ ಬಿಡು ಪಾಪ."

ಡಿಸ್ಕು ಹಗುರಾಯಿತು. ನಾನು ಏಳುವಷ್ಟರಲ್ಲಿ ಅವರು ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು ಒಂದೇ ಬೆರಳಲ್ಲಿ ಹೊಸ ಫೋಲ್ಡರಿಗೆ ಹೆಸರು ಕುಟ್ಟತೊಡಗಿದರು: 'ಹಳೆಯ ಡಿಸ್ಕಿನಿಂದ ತೆಗೆದುಹಾಕಲಾದ ಕಡತಗಳ ವಿವರ ಹಾಗೂ ತೆಗೆದುಹಾಕಿದವರ ಹೆಸರು'.

"ಇದ್ಯಾಕೆ ಚಿಕ್ಕಪ್ಪ?"

"ನಾಳೆ ಆಡಿಟ್ ಬಂದ್ರೆ ಬೇಕಲ್ಲಪ್ಪಾ."

"ಯಾರ ಆಡಿಟ್?"

"ನಿಮ್ಮ ಚಿಕ್ಕಮ್ಮಂದು. ತಮ್ಮನ ಮದುವೆ ವಿಡಿಯೋ ಎಲ್ಲಿ ಅಂತ ಕೇಳದೆ ಇರ್ತಾಳಾ?"